ಮೂಸಿ ನೋಡುವ ಹುಡುಗಿ

ಚಿಕ್ಕ ಮಕ್ಕಳ ತಾಯಂದಿರಿಗೆ ಕೈ ತೊಳೆಯುವ ಬಗ್ಗೆ ತಿಳಿಸಿ ಹೇಳುವುದು ನನ್ನ ಕೆಲಸ. ಕುರುಗೋಡಿನ ಒಂದು ಮನೆಗೆ ಹೋದಾಗ ಮೂರ್ನಾಲ್ಕು ವರ್ಷದ ಹುಡುಗಿ ಬಾಗಿಲಲ್ಲೇ ನಿಂತಿದ್ದಳು. ಮುದ್ದಾಗಿದ್ದಳು, ಕೆನ್ನೆ ಸವರಲು ಕೈ ಚಾಚಿದೆ. ಅವಳು ನನ್ನ ಕೈಯನ್ನು ಎಳೆದುಕೊಂಡು ಮೂಸಿದಳು. ಮುಖ ಕಿವುಚಿ, "ಖಾರ ಐತಿ, ತೊಳ್ಕ ಹೋಗು" ಎಂದಳು.

ಅವಳ ತಾಯಿ ನಾಚಿಕೊಂಡು ಹೊರಗೆ ಬಂದಳು. "ತಪ್ಪು ತಿಳ್ಕಬ್ಯಾಡ್ರಿ ಮೇಡಂ. ನಾನು ಮೆಣಸಿನಕಾಯಿ ತೊಟ್ಟು ಬಿಡ್ಸಾಕ ಹೋಗ್ತೀನಿ. ಒಂದಿನ ಹಂಗೇ ಬಂದು ಇಕಿ ಮುಖ ಸವರಿಬಿಟ್ಟೆ, ಕೂಸು ಉರಿ ಉರಿ ಅಂತ ಒದ್ದಾಡಿಬಿಡ್ತು. ಈಗ ಎಣ್ಣಿ ಹಚ್ಚಿ, ಸೋಪು ಹಾಕಿ ತೊಳದ ಮ್ಯಾಲೇ ಎತ್ಕಂತೀನಿ. ಆದ್ರೂ ಮೂಸಿ ನೋಡದ ಯಾರ ಹತ್ರಾನೂ ಬರಂಗಿಲ್ಲ."

ನಾನೋ, ಬಸ್‌ಸ್ಟ್ಯಾಂಡಿನಲ್ಲಿ ಮಿರ್ಚಿ ಬಜ್ಜಿ ತಿಂದು ಕೈಯನ್ನು ಪೇಪರಿಗೆ ಒರೆಸಿಕೊಂಡು ಬಂದವಳು! ಹುಡುಗಿ ಎರಡೂ ಕೈಯಲ್ಲಿ ಚೊಂಬು ಹಿಡಿದು ನೀರು ಹಾಕಿದಳು. ಸೋಪು ಹಚ್ಚಿ ತೊಳೆದೆ. ಮತ್ತೆ ಮೂಸಿದಳು. ಆಮೇಲೆ ತಾನಾಗಿಯೇ ತನ್ನ ಕೆನ್ನೆಯನ್ನು ತಂದು ನನ್ನ ಒದ್ದೆ ಅಂಗೈಯಲ್ಲಿಟ್ಟಳು.

ಹೇಳಬೇಕೆಂದು ಬಂದಿದ್ದ ಮಾತೆಲ್ಲ ಮರೆತೇಹೋಯಿತು. ಬಳ್ಳಾರಿಯ ನಮ್ಮ ಮನೆಯಲ್ಲಿ ತರತರದ ಸೋಪುಗಳಿವೆ, ನನ್ನ ಮಗ ಒಂದನ್ನೂ ಮುಟ್ಟುವುದಿಲ್ಲ. ಅವನನ್ನು ಒಂದು ವಾರ ಈ ಹುಡುಗಿಯ ಮೂಗಿಗೆ ಒಪ್ಪಿಸಬೇಕೆಂದಿದ್ದೇನೆ.