ಪಾಸಾದದ್ದು ಅಕ್ಕನ ಹಿಟ್ಟು

ಅಕ್ಕ, ನಮ್ಮ ಕಂಪನಿಯ ಶಿಶು ಆಹಾರ ಲ್ಯಾಬಿನಲ್ಲಿ ಪಾಸಾಗಲೇ ಇಲ್ಲ — ಪಾಸಾದದ್ದು ನಿನ್ನ ಮನೆಯ ರಾಗಿ ಹಿಟ್ಟು. ಅದಲುಬದಲು ಮಾಡಿದವನು ನಾನೇ, ನಿನ್ನ ಒಡಹುಟ್ಟಿದ ತಮ್ಮ. ಥೂ, ತಮ್ಮನಂತೆ!

ತೊಂಬತ್ತರ ದಶಕದ ಕೊನೆ. ನಂಜನಗೂಡಿನ ಆ ಸಣ್ಣ ಕಾರ್ಖಾನೆಯಲ್ಲಿ ನಾನು ಕೆಮಿಸ್ಟ್. ಮೈಮೇಲೆ ಬಿಳಿ ಕೋಟು ಬೇರೆ ಕೇಡು. ರಾಗಿಯಲ್ಲಿ ಫೈಟೇಟ್ ಎಂಬ ಅಂಶವಿರುತ್ತದೆ. ಕಬ್ಬಿಣದ ಸತ್ವ ಕೂಸಿನ ಮೈಗೆ ಹತ್ತದಂತೆ ಅದು ತಡೆಯುತ್ತದೆ. ನೆನೆಸಿ ಮೊಳಕೆ ಬರಿಸಿದರೆ ಅದು ಇಳಿಯುತ್ತದೆ. ಇಳಿದಿದೆಯೇ ಎಂದು ಅಳೆಯುವುದೇ ನನ್ನ ಕೆಲಸ. ಆದರೆ ಮೊಳಕೆ ಬರುವ ತನಕ ಕಾಯುವ ತಾಳ್ಮೆ ನಮ್ಮ ಮಾಲೀಕ ಮಹಾಶಯನಿಗೆ ಎಲ್ಲಿಂದ ಬರಬೇಕು? ಒಣ ರಾಗಿಯನ್ನೇ ಬೀಸಿಸಿ, ಮೊಳಕೆ ರಾಗಿ ಎಂದು ಡಬ್ಬಿಗೆ ತುಂಬಿಸಿದ. ಪರೀಕ್ಷೆಯಲ್ಲಿ ಫೇಲಾಯಿತು. ಹೋಗಿ ಅವನಿಗೆ ಹೇಳಿದೆ.

"ಕೂಸೇನು ಬಂದು ಕಂಪ್ಲೇಂಟ್ ಕೊಟ್ಟದೇನ್ರೀ? ಪಾಸಾಗೋ ಹಿಟ್ಟು ತಗೊಂಡ್ಬನ್ನಿ, ಓಗಿ."

ನಾನು — ಡಿಗ್ರಿ ಮಾಡಿದ ಮಹಾಪಂಡಿತ — "ಆಯ್ತು ಸಾ" ಎಂದೆ.

ಆ ಭಾನುವಾರವೇ ನರಸೀಪುರದ ನಿನ್ನ ಮನೆಗೆ ಬಂದೆ. ಮಗಳ ರಾಗಿ ಸರಿಗೆಂದು ನೀನು ಮೊಳಕೆ ಕಟ್ಟಿ, ಒಣಗಿಸಿ, ಹುರಿದು, ಬೀಸಿ, ಬಟ್ಟೆಯಲ್ಲಿ ಸೋಸಿಟ್ಟಿದ್ದ ಹಿಟ್ಟನ್ನು ಕೇಳಿದೆ. "ಯಾಕ್ಲಾ, ನಿಂಗಿನ್ನೂ ಅಲ್ಲು ಬಂದಿಲ್ವಾ?" ಎಂದು ನಗುತ್ತಾ ನೀನು ಟಿಫನ್ ಡಬ್ಬಿ ತುಂಬಿ ಕೊಟ್ಟೆ. ಅದನ್ನೇ ನಾನು ಕಂಪನಿಯ ಹಿಟ್ಟೆಂದು ಪರೀಕ್ಷೆಗೆ ಇಟ್ಟೆ. ಚೆನ್ನಾಗಿಯೇ ಪಾಸಾಯಿತು.

ಮುಂದಿನ ಸಲ ಬಂದಾಗ ನಿನ್ನ ಅಡುಗೆಮನೆಯಲ್ಲಿ ನಮ್ಮ ಕಂಪನಿಯ ಡಬ್ಬಿ! ತಮ್ಮನ ಮೇಲಿನ ಹೆಮ್ಮೆಗೆ ನೀನು ಮೊಳಕೆ ಕಟ್ಟುವುದನ್ನೇ ಬಿಟ್ಟಿದ್ದೆ. ಆಗಲಾದರೂ ಹೇಳಬಹುದಿತ್ತು — ಕೆಲಸ ಹೋದೀತು, ಮರ್ಯಾದೆ ಹೋದೀತು... ಇದ್ದರಲ್ಲವೇ ಹೋಗಲು ಮರ್ಯಾದೆ!

ತಿಂಗಳುಗಳು ಕಳೆದಂತೆ ಮಗು ಬಿಳಿಚಿಕೊಂಡಿತು. ರಕ್ತ ಕಮ್ಮಿ ಎಂದರು ಡಾಕ್ಟರು. ನಿನ್ನ ಅತ್ತೆ ನನ್ನೆದುರಿಗೇ ಅಂದರು, "ತಾಯಿ ಆಲಲ್ಲೇ ಸತ್ವ ಇಲ್ದಿದ್ಮೇಲೆ ಕೂಸೇನು ಮಾಡಾತು?"

ನೀನು ಅಳುತ್ತಲೇ ಅಂದೆ, "ಡಬ್ಬಿ ಊಟದಲ್ಲೇನೂ ಕೊರತೆ ಇಲ್ಲ ಅತ್ತೆ, ನನ್ ತಮ್ಮನೇ ಟೆಸ್ಟ್ ಮಾಡಿರಾದು."

ಅಂದರೆ, ದೂರಲು ಉಳಿದದ್ದು ನಿನ್ನ ಹಾಲು ತಾನೇ? ನಾನು ನೀನೇ ಕೊಟ್ಟ ಕಾಫಿ ಕುಡಿಯುತ್ತಾ ಅಲ್ಲೇ ಕೂತಿದ್ದೆ.

ಟಾನಿಕ್ಕು ಕುಡಿಸಿ ಮಗು ಚೇತರಿಸಿಕೊಂಡಿತು. ನಿನ್ನ ಮೇಲೆ ಬಿದ್ದ ಮಾತು ಮಾತ್ರ ಹೋಗಲಿಲ್ಲ. ಕೆಲವು ವರ್ಷಗಳ ಮೇಲೆ ಮಗ ಹುಟ್ಟಿದಾಗ, ಎದೆ ಕಟ್ಟಿ ನೋಯುತ್ತಿದ್ದರೂ ನೀನು ಅವನಿಗೆ ಹಾಲೂಡಿಸಲಿಲ್ಲ. "ನನ್ ಆಲು ಸರಿಯಿಲ್ಲ ಕಣ್ಲಾ, ಈ ಕೂಸಿಗೂ ಯಾಕೆ ಕೊಡ್ಲಿ? ಯಾವ ಡಬ್ಬಿ ಆಲು ಒಳ್ಳೇದು ಅಂತ ನೀನೇ ಏಳು" ಎಂದೆ.

ನಾನು ಒಂದು ಡಬ್ಬಿಯ ಹೆಸರು ಹೇಳಿದೆ, ಅಕ್ಕ. ಹೇಳಿ, ನಾನೇ ಅಂಗಡಿಗೆ ಹೋಗಿ ತಂದೂ ಕೊಟ್ಟೆ.

ಮಾಲೀಕನನ್ನು ಬೈದು ಕೈತೊಳೆದುಕೊಳ್ಳಲು ಬರುವುದಿಲ್ಲ. ನಿನ್ನ ಮನೆಯಲ್ಲಿ ಕೂತು ಬಾಯಿ ಮುಚ್ಚಿಕೊಂಡವನು ಅವನಲ್ಲ. ನಾಳೆ ನರಸೀಪುರಕ್ಕೆ ಬರುತ್ತೇನೆ. ನಿನ್ನ ಅತ್ತೆಯೂ ಇರಲಿ, ಭಾವನೂ ಇರಲಿ. ಎಲ್ಲರೆದುರು ಹೇಳುತ್ತೇನೆ — ನಿನ್ನ ಹಾಲಿನಲ್ಲಿ ಯಾವ ದೋಷವೂ ಇರಲಿಲ್ಲ. ಆಮೇಲೆ ನೀನು ಬಾಗಿಲು ಹಾಕಿಕೋ.