ಮಾಳಿಂಗರಾಯ ಕಟ್ಟಿದ ಮೂರನೆಯ ಪಾವಟಿಗೆ

ಯಂಕಂಚಿಯ ಗೌಂಡಿ ಮಾಳಿಂಗರಾಯನ ಮೂವತ್ತೆಂಟು ವರ್ಷದ ದುಡಿಮೆಯಲ್ಲಿ ಸೊಟ್ಟಾದದ್ದು ಒಂದೇ ಒಂದು ಗೋಡೆ. ಆ ಒಂದನ್ನು ಅವನು ಮರೆಯಲಿಲ್ಲ.

ಐವತ್ತೈದು ದಾಟಿದ ಮೇಲೆ ಅವನು ಸಿಂದಗಿಯ ಅನಿಲನ ಅಂಗಡಿಯಲ್ಲಿ ಪ್ರೊಗ್ರೆಸಿವ್ ಚಸ್ಮಾ ಮಾಡಿಸಿಕೊಂಡಿದ್ದ. ಮೇಲೆ ದೂರದ್ದು, ನಡುವೆ ಕೈಯಳತೆಯದು, ಕೆಳಗೆ ಓದುವುದು, ಎಲ್ಲ ಒಂದೇ ಗಾಜಿನಲ್ಲಿ. ಕಣ್ಣಪಾಪೆ ಎಲ್ಲಿ ಬರುತ್ತದೆಂದು ಗುರುತು ಮಾಡಿ ಕೂಡಿಸಬೇಕಾದ ಗಾಜನ್ನು ಅನಿಲ ಅಂದಾಜಿನ ಮೇಲೆ ಕೂಡಿಸಿದ. ಕೆಳಗೆ ನೋಡಿದರೆ ನೆಲ ತೇಲುತ್ತಿತ್ತು, ಗೋಡೆ ನೆಟ್ಟಗಿದೆಯೇ ಎಂದು ನೋಡಲು ಇಳಿಬಿಡುವ ಗುಂಡಿನ ದಾರವೇ ಓರೆಗಣ್ಣಿಗೆ ಬಾಗುತ್ತಿತ್ತು. ಹೂವಿನ ಹಿಪ್ಪರಗಿಯಲ್ಲಿ ಮಾಳಿಂಗರಾಯ ಬಾಗಿದಂತೆ ಕಂಡ ಗೋಡೆಯನ್ನು ಸರಿಮಾಡಲು ಹೋಗಿ, ನೆಟ್ಟಗಿದ್ದುದನ್ನು ಬಾಗಿಸಿದ. ಮನೆಯ ಯಜಮಾನ ಓಣಿಯವರೆದುರೇ ಅದನ್ನು ಕೆಡವಿಸಿದ.

ಚಸ್ಮಾ ಹಿಡಿದುಕೊಂಡು ಹೋದರೆ ಅನಿಲ ಗಿರಾಕಿಗಳ ಮುಂದೆ ನಕ್ಕ. ಗಾಜಿಗೇನೂ ಆಗಿಲ್ಲ, ಕಣ್ಣು ಹೊರಳಿಸದೆ ಕುತ್ತಿಗೆ ಹೊರಳಿಸು, ಅದೂ ಆಗದಿದ್ದರೆ ಮೊಮ್ಮಕ್ಕಳನ್ನು ಆಡಿಸಿಕೊಂಡಿರು ಅಂದ. ಮಾಳಿಂಗರಾಯ ಮನೆಗೆ ಬಂದು ಹಳೆಯ ಚಸ್ಮಾ ಹಾಕಿಕೊಂಡ. ಸುಮ್ಮನೆ ಬಿಡುವ ಆಸಾಮಿ ಅಲ್ಲ ಅವನು.

ವರ್ಷ ಕಳೆಯಿತು. ಅನಿಲ ಎತ್ತರದ ಕಟ್ಟೆಯ ಮೇಲೆ ಹೊಸ ಅಂಗಡಿ ಹಾಕಿ, ಹತ್ತಿಳಿಯಲು ನಾಲ್ಕು ಪಾವಟಿಗೆ ಕಟ್ಟಲು ಮಾಳಿಂಗರಾಯನನ್ನೇ ಕರೆಸಿದ. ಚಸ್ಮಾ ಹಿಡಿದು ಬಂದಿದ್ದವನ ಮುಖ ಅನಿಲನಿಗೆ ಮರೆತೇ ಹೋಗಿತ್ತು. ಇಳಿಯುವ ಕಾಲು ಮೊದಲ ಪಾವಟಿಗೆಯನ್ನು ಅಳೆದು ಉಳಿದವನ್ನು ನಂಬುತ್ತದೆ, ಅದು ಗೌಂಡಿಗೆ ಗೊತ್ತು. ಮೂರನೆಯದನ್ನು ಉಳಿದವಕ್ಕಿಂತ ಮುಕ್ಕಾಲು ಇಂಚು ಆಳಕ್ಕಿಟ್ಟ.

ಹೊಸ ಚಸ್ಮಾ ಹಾಕಿಕೊಂಡು ಇಳಿದವರೆಲ್ಲ ಅಲ್ಲೇ ಮುಗ್ಗರಿಸಿದರು, ಬೈದದ್ದು ಚಸ್ಮಾವನ್ನು. ಶಾಲೆಯ ಟೀಚರ್ ಸುರೇಖಾ ಮುಂಗೈ ಉಳುಕಿಸಿಕೊಂಡು, ಚಸ್ಮಾ ಕೌಂಟರಿನ ಮೇಲೆ ಕುಕ್ಕಿ ಹೋದರು. ಅವರ ಕೈ ನೋಡಿ ಮಾಳಿಂಗರಾಯನಿಗೆ ಕೆಡುಕೆನಿಸಿತು, ಆದರೂ ಎದುರಿನ ಚಹಾದಂಗಡಿಯಲ್ಲಿ ಕೂತು ನೋಡುವುದನ್ನು ಬಿಡಲಿಲ್ಲ. ಅನಿಲ ಗಾಜು ತಿರುಗಿಸಿ ತಿರುಗಿಸಿ ನೋಡುವುದನ್ನು ಕಾಣುತ್ತ ಕುಡಿದ ಚಹಾ ಅವನಿಗೆ ಬಹಳ ರುಚಿಸಿತು. ಪಾವಟಿಗೆಯ ಮೇಲೆ ಯಾರಿಗೂ ಸಂಶಯ ಬರಲಿಲ್ಲ, ಮಾಳಿಂಗರಾಯ ಕಟ್ಟಿದ್ದಲ್ಲವೇ.

ಕೆಟ್ಟದ್ದು ಅವನ ಕಾಲಿನಿಂದಲೇ. ಒಂದು ದಿನ ಅಂಗಡಿಯೊಳಗೆ ನೆಲದ ಒಡೆದ ಫರ್ಸಿಕಲ್ಲು ಬದಲಿಸಿ, ತಲೆಯ ಮೇಲೆ ಬುಟ್ಟಿ ಹೊತ್ತು ಹೊರಬಂದ. ಊರೆಲ್ಲ ಮುಗ್ಗರಿಸುವಲ್ಲಿ ಇವನೊಬ್ಬ ನೆಲ ನೋಡದೆಯೇ ಸರಾಗ ಇಳಿದದ್ದು ಅನಿಲನ ಕಣ್ಣಿಗೆ ಬಿತ್ತು. ಟೇಪು ತಂದು ಅಳೆದ. ಮಂದಿ ಕೂಡಿದರು.

"ಕಣ್ಣ ಕಾಣದ ಮುದುಕ," ಅಂದ ಅನಿಲ. "ಅಳತಿ ತಪ್ಪೇತಿ. ಗೊತ್ತಿದ್ರೂ ಮುಚ್ಚಿಟ್ಟಾನ."

ತಲೆ ತಗ್ಗಿಸಿ ಹೂಂ ಅಂದಿದ್ದರೆ ಅಲ್ಲಿಗೆ ಮುಗಿಯುತ್ತಿತ್ತು. ವಯಸ್ಸಾದವನೆಂದು ಮಂದಿ ಬಿಟ್ಟುಬಿಡುತ್ತಿದ್ದರು. ಆದರೆ ತನ್ನ ಅಳತೆ ತಪ್ಪಿತು ಎಂಬ ಮಾತು ಮಾಳಿಂಗರಾಯನಿಗೆ ನುಂಗಲಾಗಲಿಲ್ಲ. ಬುಟ್ಟಿ ಕೆಳಗಿಟ್ಟ.

"ತಪ್ಪಿಲ್ಲರಿ. ಅಳದು, ಬೇಕಂತ ಇಟ್ಟೇನಿ. ನಿಮ್ಮ ಚಸ್ಮಾ ನನ್ನ ಹಿಪ್ಪರಗಿ ಗ್ವಾಡಿ ಕೆಡಿಸ್ತು. ನಿಮ್ಮ ಪಾವಟಿಗಿ ನಾ ಕೆಡಿಸೇನಿ."

ಅವತ್ತಿನಿಂದ ಸಿಂದಗಿಯಲ್ಲಿ ಅವನನ್ನು ಯಾರೂ ಕೆಲಸಕ್ಕೆ ಕರೆದಿಲ್ಲ. ಅವನ ಅಳತೆ ತಪ್ಪುತ್ತದೆ ಎಂದು ಮಾತ್ರ ಇಂದಿಗೂ ಒಬ್ಬರೂ ಅಂದಿಲ್ಲ.