ಟ್ರೇ ತಿರುಗಿಸುವವರ ಮಗಳು

ಸಕ್ಕರೆ ಮಾರಿ ಬದುಕಿದ ಮನೆಯಲ್ಲಿ ಸಕ್ಕರೆ ಕಾಯಿಲೆಗೆ ಔಷಧಿ ಹುಡುಕುವವಳು ಹುಟ್ಟಿದಳು. ಇದನ್ನು ಹೇಳಿಕೊಳ್ಳದೆ ಬೇಕರಿಯಮ್ಮ ಯಾರಿಗೂ ಒಂದು ಬನ್ನನ್ನೂ ಕಟ್ಟಿಕೊಟ್ಟವಳಲ್ಲ. ಬ್ರೆಡ್ ಕೊಳ್ಳಲು ಬಂದವರು ಚಿಲ್ಲರೆ ಕೈಗೆ ಬರುವುದರೊಳಗೆ ಮಗಳ ಸಂಶೋಧನೆಯ ಕತೆಯನ್ನು ಕೇಳಿ ಮುಗಿಸಿರಬೇಕು. ಪಕ್ಕದ ಕ್ಷೌರದಂಗಡಿಯವನಂತೂ ಅದನ್ನು ಎಷ್ಟು ಸಲ ಕೇಳಿದ್ದನೆಂದರೆ, ಗಿರಾಕಿಯ ಗಡ್ಡಕ್ಕೆ ನೊರೆ ಹಚ್ಚುತ್ತಾ ತಾನೇ ಒಪ್ಪಿಸಬಲ್ಲವನಾಗಿದ್ದ.

“ರಕ್ತದಲ್ಲಿ ಸಕ್ಕರೆ ಇರುತ್ತೆ ಕಣಪ್ಪ, ಆದ್ರೆ ಮೈ ಬಾಗಿಲು ತೆಗೆಯಲ್ಲ. ಚಿಲಕ ತುಕ್ಕು ಹಿಡಿದಿರುತ್ತೆ. ನನ್ನ ಮಗಳು ಆ ಚಿಲಕಕ್ಕೆ ಎಣ್ಣೆ ಬಿಡ್ತಾಳೆ,” ಎನ್ನುತ್ತಿದ್ದಳು ಬೇಕರಿಯಮ್ಮ.

“ಮನುಷ್ಯರಿಗಾ ಅಕ್ಕ?” ಎಂದು ಕೆಣಕುತ್ತಿದ್ದ ಕ್ಷೌರದಂಗಡಿಯವನು.

“ಸದ್ಯಕ್ಕೆ ಇಲಿಗಳಿಗೆ.”

“ಹೆತ್ತವರಿಗೆ ಹೆಗ್ಗಣ ಮುದ್ದು ಅಂತಾರೆ. ನಿಮಗೆ ಇಲೀನೂ ಮುದ್ದಾಯ್ತು ಬಿಡಿ.”

ಮಗಳಿಗೆ ಚಿಕ್ಕಂದಿನಲ್ಲಿ ಇಟ್ಟ ಅಡ್ಡಹೆಸರು ಯಾಕಮ್ಮ. ಹಿಟ್ಟು ಯಾಕೆ ಉಬ್ಬುತ್ತೆ, ಬೆಣ್ಣೆ ಯಾಕೆ ಕರಗುತ್ತೆ, ಅಂಗಡಿ ಬೆಕ್ಕು ಯಾಕೆ ಓವನ್ನಿನ ಮೇಲೇ ಮಲಗುತ್ತೆ ಎಂದು ತಲೆ ತಿನ್ನುತ್ತಿದ್ದಳು. ಅವಳ ಕೊನೆಯ ‘ಯಾಕೆ’ಗೆ ಮಾತ್ರ ಮನೆಯಲ್ಲಿ ಯಾರ ಬಳಿಯೂ ಉತ್ತರವಿರಲಿಲ್ಲ. ಅಪ್ಪನ ಮೊಣಕೈಗೆ ಓವನ್ನಿನ ಬಾಗಿಲು ತಗುಲಿ ಸುಟ್ಟಿತ್ತು. ಅಂಥ ಗಾಯ ಆ ಮನೆಯಲ್ಲಿ ಎಲ್ಲರಿಗೂ ಆಗುತ್ತಿತ್ತು, ನಾಲ್ಕು ದಿನದಲ್ಲಿ ಒಣಗುತ್ತಿತ್ತು. ಅಪ್ಪನದು ಒಣಗಲಿಲ್ಲ. ಸಕ್ಕರೆ ಕಾಯಿಲೆ ಅವನನ್ನು ಒಳಗೊಳಗೇ ತಿಂದು ಹಾಕಿತ್ತೆಂದು ತಿಳಿಯುವ ಹೊತ್ತಿಗೆ ಕಾಲ ಮಿಂಚಿತ್ತು. ಅಪ್ಪ ಹೋದ. ‘ಯಾಕೆ’ ಮಗಳ ಜೊತೆ ಉಳಿಯಿತು. ಕಾಲೇಜಿಗೆ ಹೋಯಿತು, ಕೊನೆಗೆ ಸಂಶೋಧನಾ ಸಂಸ್ಥೆಯ ಇಲಿಗಳ ಕೋಣೆಯವರೆಗೂ ಹೋಯಿತು. ಅಷ್ಟರಲ್ಲಿ ಬೇಕರಿಯಮ್ಮನಿಗೂ ಶುಗರ್ ಬಂದಿತ್ತು. ಅವಳು ಮಾತ್ರೆ ನುಂಗುತ್ತಲೇ ಕ್ರೀಮಿನ ರುಚಿ ನೋಡುತ್ತಿದ್ದಳು. ಕೇಳಿದರೆ, ರುಚಿ ನೋಡದೆ ಮಾರುವುದು ಮೋಸ ಎಂದು ಮಗಳ ಬಾಯಿ ಮುಚ್ಚಿಸುತ್ತಿದ್ದಳು.

ವರ್ಷಗಟ್ಟಲೆ ಕಷ್ಟಪಟ್ಟ ಮೇಲೆ ಒಂದು ಫಲಿತಾಂಶ ಬಂತು. ಮಗಳು ಸಿದ್ಧಪಡಿಸಿದ ಔಷಧಿ ಕುಡಿದ ಇಲಿಗಳ ರಕ್ತದಲ್ಲಿ ಸಕ್ಕರೆ ಚೆನ್ನಾಗಿ ಇಳಿದಿತ್ತು. ಬರಿ ನೀರು ಕುಡಿದ ಇಲಿಗಳಲ್ಲಿ ಹಾಗೇ ಏರಿ ಕೂತಿತ್ತು. ಸಂಸ್ಥೆಯ ಮುಖ್ಯಸ್ಥರು ಊರಿನವರನ್ನೂ ಕರೆದು ಸಭೆ ಇಟ್ಟರು. ಬೇಕರಿಯಮ್ಮ ಅಂದಿನಿಂದ ನೆಲದ ಮೇಲೆ ನಡೆದದ್ದನ್ನು ಕಂಡವರಿಲ್ಲ. ಬೀದಿಗೆಲ್ಲ ಡಂಗುರ ಸಾರಿದಳು. ಹಾಲಿನವನಿಗೆ, ಅಂಚೆಯವನಿಗೆ, ದಾರಿ ಕೇಳಲು ನಿಂತ ಅಪರಿಚಿತನಿಗೂ ಹೇಳಿದಳು.

“ಕೂಸು ಹುಟ್ಟೋಕೆ ಮುಂಚೆ ಕುಲಾವಿ ಹೊಲಿಸಬೇಡಿ ಅಕ್ಕ,” ಎಂದ ಕ್ಷೌರದಂಗಡಿಯವನು.

“ನಿನ್ನ ಹೊಟ್ಟೆಕಿಚ್ಚು ಇದ್ರೆ ನನಗೆ ಓವನ್ನೇ ಬೇಕಿಲ್ಲ, ಅದರಲ್ಲೇ ಬ್ರೆಡ್ ಬೇಯಿಸಬಹುದು,” ಎಂದಳು.

ಸಭೆಗೆ ಮುಂಚಿನ ಭಾನುವಾರ ಮಗಳು ಬೇಕರಿಗೆ ಬಂದು, ಏಪ್ರನ್ ಕಟ್ಟಿಕೊಂಡು ಬಿಸ್ಕತ್ತಿನ ಕೆಲಸಕ್ಕೆ ಕೈ ಹಾಕಿದಳು. ಆ ಓವನ್ ಅಪ್ಪನ ಕಾಲದ್ದು. ಅದರ ಹಿಂದಿನ ಎಡ ಮೂಲೆಗೆ ಒಂದು ಗುಣವಿತ್ತು: ಉಳಿದ ಕಡೆಗಿಂತ ಅಲ್ಲಿ ಬಿಸಿ ಜಾಸ್ತಿ. ಆದ್ದರಿಂದ ಅರ್ಧ ಬೆಂದ ಮೇಲೆ ಬಾಗಿಲು ತೆಗೆದು, ಹಿಂದಿನ ಟ್ರೇ ಮುಂದಕ್ಕೆ, ಮೇಲಿನದು ಕೆಳಕ್ಕೆ ತಿರುಗಿಸಿ ಇಡುವುದು ಆ ಮನೆಯ ಪದ್ಧತಿ. ಮಗಳು ಅಕ್ಷರ ಕಲಿಯುವ ಮುಂಚೆ ಕಲಿತ ಕೆಲಸ ಅದು. ಅವತ್ತು ಬೇಕರಿಯಮ್ಮ ಸಭೆಗೆ ಯಾವ ಬಟ್ಟೆ ಉಡಲಿ, ಮುಂದಿನ ಸಾಲಿನಲ್ಲಿ ಕೂರಿಸುತ್ತಾರೋ ಇಲ್ಲವೋ ಎಂಬ ಮಾತಿನ ಭರದಲ್ಲಿ ತಿರುಗಿಸುವುದನ್ನೇ ಮರೆತಳು. ವಾಸನೆ ಬಂದು ತೆಗೆದಾಗ ಮೂಲೆಯ ಟ್ರೇ ಕಂದು ತಿರುಗಿತ್ತು.

“ಅಯ್ಯೋ, ಒಂದೇ ಹಿಟ್ಟು, ಒಂದೇ ಕೈ. ಹಾಳು ಮೂಲೆ ಮಾಡಿದ ಕೆಲಸ ನೋಡೇ!”

ಮಗಳು ಒಂದು ಕೈಯಲ್ಲಿ ಬಿಳಿ ಬಿಸ್ಕತ್ತು, ಇನ್ನೊಂದರಲ್ಲಿ ಕಂದು ಬಿಸ್ಕತ್ತು ಹಿಡಿದು ನಿಂತೇಬಿಟ್ಟಳು. ಮುಖದ ಬಣ್ಣ ಇಳಿಯಿತು.

“ಅಮ್ಮ, ಈ ಬಣ್ಣ ಹಿಟ್ಟಿಂದ ಬಂದಿದ್ದಲ್ಲ.”

“ಹಿಟ್ಟಿಂದ ಹೇಗೆ ಬರುತ್ತೆ? ಮೂಲೆಯಿಂದ.”

ಮಗಳು ಏಪ್ರನ್ ಬಿಚ್ಚುವುದನ್ನೂ ಮರೆತು ಸಂಸ್ಥೆಗೆ ಓಡಿದಳು. ಸಂಜೆ ಬಂದವಳು ಮೈದಾದ ಮೂಟೆಯ ಮೇಲೆ ಕೂತು ಹೇಳಿದಳು. ಔಷಧಿ ಅದಲುಬದಲಾಗಬಾರದೆಂಬ ಎಚ್ಚರಿಕೆಯಿಂದ ಅವಳೇ ಔಷಧಿಯ ಇಲಿಗಳ ಪಂಜರಗಳನ್ನೆಲ್ಲ ಕೆಳಗಿನ ಸಾಲಿನಲ್ಲಿ, ನೀರಿನ ಇಲಿಗಳನ್ನೆಲ್ಲ ಮೇಲಿನ ಸಾಲಿನಲ್ಲಿ ಇಡಿಸಿದ್ದಳು. ಮೇಲಿನ ಸಾಲು ಟ್ಯೂಬ್‌ಲೈಟಿನ ಕೆಳಗೇ ಇತ್ತು, ತಣ್ಣನೆ ಗಾಳಿಯ ಕಿಂಡಿಯೂ ಅಲ್ಲೇ. ಇಲಿಗೆ ಕತ್ತಲೆ ಬೇಕು. ಬೆಳಕಿನಲ್ಲಿ ಹೆದರಿ ಮುದುಡಿ ಕೂತ ಇಲಿಯ ಸಕ್ಕರೆ ಔಷಧಿಯ ಗೊಡವೆಯಿಲ್ಲದೆ ತಾನಾಗಿಯೇ ಏರಬಹುದು.

“ಎರಡು ಸಾಲನ್ನೂ ಒಂದು ಸಲಾನೂ ತಿರುಗಿಸಿಲ್ಲ ಅಮ್ಮ. ಈ ಮನೇಲಿ ಹುಟ್ಟಿ ಅದನ್ನೇ ಮರೆತೆ.”

“ಹಾಗಾದ್ರೆ ಔಷಧಿ ಸುಳ್ಳಾ?”

“ಗೊತ್ತಿಲ್ಲ. ಗೊತ್ತಿಲ್ಲ ಅನ್ನೋದೇ ಕಷ್ಟ.”

ಬೇಕರಿಯಮ್ಮನಿಗೆ ಕೈಗೆ ಬಂದ ತುತ್ತು ಬಾಯಿಗೆ ಬರದಂತಾಯಿತು. ಕಣ್ಣ ಮುಂದೆ ಇಡೀ ಬೀದಿ ಬಂದು ನಿಂತಿತು, ಎಲ್ಲರಿಗಿಂತ ಮುಂದೆ ಕ್ಷೌರದಂಗಡಿಯವನು. “ಸಭೆ ಒಂದು ಮುಗೀಲಿ, ಆಮೇಲೆ ಹೇಳಿದ್ರಾಗಲ್ವಾ?” ಎಂದು ಮೆಲ್ಲಗೆ ಕೇಳಿದಳು.

“ನಮ್ಮ ಮುಖ್ಯಸ್ಥರೂ ಅದನ್ನೇ ಅಂದ್ರು.” ಮಗಳು ಆಗ ಏಪ್ರನ್ ಬಿಚ್ಚಿದಳು. “ಒಂದಿನ ಬೆಳಗ್ಗೆ ಬ್ರೆಡ್ಡೆಲ್ಲ ಬೆಂದ ಮೇಲೆ ಹಿಟ್ಟು ಮುಗ್ಗಲು ಅಂತ ಅಪ್ಪನಿಗೆ ಗೊತ್ತಾಯ್ತಲ್ಲ, ನೆನಪಿದೆಯಾ? ಮಾರಿದ್ರೆ ಯಾರಿಗೆ ತಿಳೀತಿತ್ತು?”

ನೆನಪಿಲ್ಲದೆ ಏನು? ಗಂಡ ಬೆಳಗಿನಿಂದ ಮಧ್ಯಾಹ್ನದವರೆಗೆ ಬಾಗಿಲಲ್ಲೇ ನಿಂತು, ಬಂದ ಪ್ರತಿಯೊಬ್ಬರಿಗೂ ಇವತ್ತಿನದು ಸರಿಯಿಲ್ಲ, ನಾಳೆ ಬನ್ನಿ ಎಂದು ತಾನೇ ಹೇಳಿ ಕಳಿಸಿದ್ದ. ಅವತ್ತು ಬೇಕರಿಯಮ್ಮ ಅವನ ಜೊತೆ ಮಾತು ಬಿಟ್ಟಿದ್ದಳು.

ಸಭೆಯ ದಿನ ಅವಳನ್ನು ಮುಂದಿನ ಸಾಲಿನಲ್ಲೇ ಕೂರಿಸಿದರು. ಪಕ್ಕದಲ್ಲಿ ಕ್ಷೌರದಂಗಡಿಯವನು, ಅವನಿಗೆ ಮೊದಲೇ ಆಹ್ವಾನ ಕೊಟ್ಟಾಗಿತ್ತಲ್ಲ. ಮಗಳು ಎದ್ದು ನಿಂತು ಸುತ್ತಿಬಳಸದೆ ಹೇಳಿದಳು: “ಈ ಫಲಿತಾಂಶ ನಂಬಬೇಡಿ. ಪಂಜರ ಇಡೋದ್ರಲ್ಲಿ ತಪ್ಪಾಗಿದೆ. ತಪ್ಪು ನನ್ನದು. ಮೊದಲಿಂದ ಮಾಡ್ತೀನಿ.” ಮುಖ್ಯಸ್ಥರ ಮುಖ ಹುಳ್ಳಗಾಯಿತು. ಸಭೆಯಲ್ಲಿ ಗುಸುಗುಸು ಎದ್ದಿತು. ನೆಲ ಬಾಯಿಬಿಟ್ಟು ನುಂಗಬಾರದೇ ಎಂದುಕೊಂಡೇ ಬೇಕರಿಯಮ್ಮ ತಲೆ ಎತ್ತಿದಳು. ಮಗಳು ಎರಡೂ ಕೈಗಳನ್ನು ಹಿಂದೆ ಕಟ್ಟಿಕೊಂಡು, ಕೇಳಿದವರ ಕಣ್ಣು ನೋಡಿ ಉತ್ತರಿಸುತ್ತಾ ನಿಂತಿದ್ದಳು. ಆ ನಿಲುವು ಅವಳಿಗೆ ಗೊತ್ತಿತ್ತು.

“ನೋಡೋ,” ಎಂದಳು ಪಕ್ಕದವನಿಗೆ, ಪಿಸುಮಾತೆಂದುಕೊಂಡು, ಆದರೆ ಮೂರು ಸಾಲಿಗೆ ಕೇಳುವಂತೆ. “ಅವರಪ್ಪ ನಿಂತ ಹಾಗೇ ನಿಂತಿದ್ದಾಳೆ.”

ಮುಂದಿನ ಒಂದು ವರ್ಷ ಬೇಕರಿಯಮ್ಮನ ಬಾಯಿಗೆ ಬೀಗ ಬಿತ್ತು. ಮಗಳ ಔಷಧಿ ಏನಾಯಿತು ಎಂದು ಯಾರಾದರೂ ಕೆಣಕಿದರೆ, “ಇನ್ನೂ ಓವನ್ನಿನಲ್ಲಿದೆ, ಬೆಂದ ಮೇಲೆ ಹೇಳ್ತೀನಿ,” ಎಂದಷ್ಟೇ ಹೇಳಿ ಬನ್ನು ಕಟ್ಟುತ್ತಿದ್ದಳು. ಹೇಳದೆ ಇರುವುದು ಅವಳಿಗೆ ಕ್ರೀಮು ಬಿಡುವುದಕ್ಕಿಂತ ಕಷ್ಟವಾಯಿತು. ಆದರೂ ಇದ್ದಳು.

ಒಂದು ಮಧ್ಯಾಹ್ನ ಮಗಳು ಬಂದು ಗಲ್ಲಾಪೆಟ್ಟಿಗೆಯ ಮುಂದೆ ಗಿರಾಕಿಯ ಹಾಗೆ ನಿಂತಳು.

“ಅಮ್ಮ, ಲೆಕ್ಕ ಬಂತು. ಔಷಧಿ ಗುಣ ಮೊದಲು ಅಂದುಕೊಂಡಷ್ಟು ಇಲ್ಲ. ಅರ್ಧಕ್ಕಿಂತ ಕಮ್ಮಿ. ಆದ್ರೆ ಇದೆ.”

“ಪಂಜರ ತಿರುಗಿಸಿದ್ಯಾ?”

“ವಾರ ವಾರ ತಿರುಗಿಸಿದೀವಿ.”

“ಎಲ್ಲ ಮೂಲೆಗೂ?”

“ಎಲ್ಲ ಮೂಲೆಗೂ.”

“ಔಷಧಿ ಯಾವುದು, ನೀರು ಯಾವುದು ಅಂತ ಸಕ್ಕರೆ ಅಳೆದವರಿಗೆ ಗೊತ್ತಿತ್ತಾ?”

ಮಗಳು ನಕ್ಕಳು. “ನನಗೂ ಗೊತ್ತಿರಲಿಲ್ಲ. ಗೊತ್ತಿದ್ರೆ ಕಣ್ಣು ಬೇಕಾದ್ದನ್ನೇ ಕಾಣುತ್ತೆ. ಮನುಷ್ಯರವರೆಗೆ ಬರೋಕೆ ಇನ್ನೂ ಬಹಳ ದೂರ ಇದೆ ಅಮ್ಮ. ನಿನ್ನ ಮಾತ್ರೆ ನೀನು ನುಂಗ್ತಿರು.”

“ಅದಿರಲಿ. ಈಗ ಹೇಳಬಹುದಾ?”

“ಹೇಳು.”

ಬೇಕರಿಯಮ್ಮ ಕೈಯ ಹಿಟ್ಟನ್ನೂ ಒರೆಸಿಕೊಳ್ಳದೆ ಬೀದಿಗೆ ಇಳಿದಳು. ಕ್ಷೌರದಂಗಡಿಯ ಬಾಗಿಲಲ್ಲಿ ನಿಂತು, ಅರ್ಧ ಗಡ್ಡ ಬೋಳಿಸಿಕೊಂಡ ಗಿರಾಕಿ ಬೆಚ್ಚಿಬೀಳುವಂತೆ ಕೂಗಿದಳು:

“ಕೇಳೋ ಇಲ್ಲಿ! ನನ್ನ ಮಗಳ ಔಷಧಿ ನಾನು ಡಂಗುರ ಹೊಡೆದಿದ್ರಲ್ಲಿ ಅರ್ಧಾನೂ ಇಲ್ಲ. ಆದ್ರೆ ಇರೋದು ಅಷ್ಟೂ ನಿಜ!”